‘ನಿನ್ನಂತೆಯೇ’ ಎಂಬ ಮಾತಿನೊಳಗೆ ನೀವೂ ಇದ್ದೀರಿ

ಪ್ರಶ್ನೆ: ನನಗೆ 46 ವರ್ಷ. ಕಾರವಾರದ ಹತ್ತಿರದ ಒಂದು ಊರಿನಲ್ಲಿ ಶಾಲಾ ಶಿಕ್ಷಕಿ. ಅಪ್ಪ ತೀರಿಕೊಂಡ ಮೇಲೆ, ಆರು ವರ್ಷಗಳಿಂದ, 77 ವರ್ಷದ ಅಮ್ಮ ನಮ್ಮ ಮನೆಯಲ್ಲಿದ್ದಾರೆ. ಅಣ್ಣ ಕುವೈತಿನಲ್ಲಿದ್ದಾನೆ. ಭಾನುವಾರ ಅವನು ವಿಡಿಯೊ ಕರೆ ಮಾಡುವ ಹತ್ತು ನಿಮಿಷ ಅಮ್ಮನ ಮುಖ ಅರಳುತ್ತದೆ. ಹೊರಗಿನವರ ಜೊತೆಯೂ ಚೆನ್ನಾಗಿಯೇ ಇರುತ್ತಾರೆ. ಉಳಿದ ವಾರವೆಲ್ಲ ನಾನು ಮಾಡಿದ ಸಾರಿಗೆ ಉಪ್ಪಿಲ್ಲ, ನನ್ನ ನಡಿಗೆ ಸರಿಯಿಲ್ಲ, ನನ್ನ ಗಂಡ ಕೈಲಾಗದವನು. ಚಿಕ್ಕಂದಿನಿಂದಲೂ ಇದೇ ಮಾತು ಕೇಳಿ ಬೆಳೆದೆ. ಈಚೆಗೆ, ನಾನು ಊಟ ಕೊಡುವುದಿಲ್ಲ, ಪಿಂಚಣಿ ಹಣ ಕದಿಯುತ್ತೇನೆ ಎಂದು ನೆರೆಮನೆಯವರಿಗೆ ಹೇಳುತ್ತಿದ್ದಾರೆ. ಕಳೆದ ಹಬ್ಬದ ದಿನ ನೆಂಟರ ಎದುರೇ ಹಾಗೆಂದಾಗ ನಾನು ಕಿರುಚಿ, ಬಾಗಿಲು ಬಡಿದು ಒಳಗೆ ಹೋದೆ. ಆಮೇಲೆ ಎರಡು ದಿನ ಕನ್ನಡಿ ನೋಡಲು ನನಗೇ ಅಸಹ್ಯವಾಗುತ್ತಿತ್ತು. ಪ್ರತಿ ತಿಂಗಳೂ ಚರ್ಚಿನ ಗುರುಗಳ ಎದುರು ಪಾಪನಿವೇದನೆಯಲ್ಲಿ ಅದೇ ಪಾಪವನ್ನು ಹೇಳುತ್ತೇನೆ: ತಾಯಿಯನ್ನು ಪ್ರೀತಿಸಲು ಆಗುತ್ತಿಲ್ಲ. ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎನ್ನುತ್ತಾರೆ ಪ್ರಾರ್ಥನಾ ಕೂಟದವರು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದರು ಯೇಸು. ನನ್ನನ್ನೇ ಪ್ರೀತಿಸದ ನಾನು ಏನು ಮಾಡಲಿ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರದಲ್ಲಿ ‘ಈಚೆಗೆ’ ಎಂಬ ಒಂದು ಪದವಿದೆ. ಪ್ರೀತಿಯ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಆ ಪದವನ್ನು ನೋಡೋಣ.

ಅಮ್ಮ ಮೊದಲಿನಿಂದಲೂ ಚುಚ್ಚಿ ಮಾತನಾಡುವವರು ಎಂದು ಬರೆದಿದ್ದೀರಿ. ಆದರೆ ಊಟ ಕೊಡುವುದಿಲ್ಲ, ಹಣ ಕದಿಯುತ್ತಾಳೆ ಎಂಬ ದೂರು ಹೊಸದು. ಎಪ್ಪತ್ತು ದಾಟಿದವರಲ್ಲಿ ಇಂಥ ಹೊಸ ಅನುಮಾನ ಕಾಣಿಸಿಕೊಂಡರೆ ಅದನ್ನು ಸ್ವಭಾವವೆಂದು ತಳ್ಳಿಹಾಕಬಾರದು. ಮರೆವಿನ ಕಾಯಿಲೆಯ ಆರಂಭದಲ್ಲಿ ಹೀಗೆ ಆಗುವುದುಂಟು. ಹಣವನ್ನು ದಿಂಬಿನ ಕೆಳಗೆ ತಾವೇ ಇಟ್ಟಿರುತ್ತಾರೆ, ಇಟ್ಟದ್ದು ನೆನಪಿರುವುದಿಲ್ಲ, ಹಣ ಕಾಣದಿದ್ದಾಗ ಯಾರೋ ತೆಗೆದರು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆ ‘ಯಾರೋ’ ಸಾಮಾನ್ಯವಾಗಿ ಹಗಲೂ ರಾತ್ರಿ ಪಕ್ಕದಲ್ಲಿರುವವರು. ಕುವೈತಿನಲ್ಲಿರುವ ಮಗ ಕದ್ದನೆಂದು ಯಾವ ತಾಯಿಯೂ ಹೇಳುವುದಿಲ್ಲ. ಮಧ್ಯಾಹ್ನ ಉಂಡದ್ದನ್ನು ಮರೆತು, ಉಪವಾಸ ಕೆಡವಿದರು ಎಂದು ಪಕ್ಕದ ಮನೆಗೆ ಹೋಗಿ ಅತ್ತ ಹಿರಿಯರನ್ನು ನಾನು ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಪಾಲಿಗೆ ಆ ಊಟ ನಡೆದೇ ಇರಲಿಲ್ಲ.

ಇನ್ನೂ ಸರಳವಾದ ಕಾರಣವೂ ಇರಬಹುದು, ಕಿವಿ ಮಂದವಾಗಿರಬಹುದು. ನೀವು, ನಿಮ್ಮ ಗಂಡ ಅಡುಗೆಮನೆಯಲ್ಲಿ ಮಾತನಾಡುತ್ತೀರಿ. ಅವರಿಗೆ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ತನ್ನ ವಿಷಯವೇ ಇರಬೇಕು ಎಂದುಕೊಳ್ಳುತ್ತಾರೆ. ಕಿವಿ ಕೇಳದವರಲ್ಲಿ ಸಂಶಯ ಬೆಳೆಯುವುದು ವೈದ್ಯರಿಗೆ ಹಳೆಯ ಅನುಭವ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಮೂತ್ರದ ಸೋಂಕು ಕೂಡ ವಯಸ್ಸಾದವರ ಬುದ್ಧಿಯನ್ನು ಕದಡಬಲ್ಲವು, ಮತ್ತು ಇವೆಲ್ಲಕ್ಕೂ ಚಿಕಿತ್ಸೆ ಇದೆ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವೂ ಮನೋವೈದ್ಯಕೀಯ ವಿಭಾಗವೂ ಇವೆ. ‘ಹುಚ್ಚಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀಯಾ’ ಎಂದು ಅಮ್ಮ ಸಿಡುಕಿದರೆ ಮೊದಲು ಕಿವಿ ತೋರಿಸೋಣ ಎನ್ನಿ. ಅದು ಸುಳ್ಳೇನೂ ಅಲ್ಲ. ಈ ಪರೀಕ್ಷೆ ಆಗದೆ ಮುಂದಿನದನ್ನು ಅರ್ಧ ಮಾತ್ರ ನಂಬಿ ಎಂದು ಕೇಳಿಕೊಳ್ಳುತ್ತೇನೆ. ಕಾಯಿಲೆಯ ಮಾತಿಗೆ ಬುದ್ಧಿ ಹೇಳಲು ಹೋಗುವುದು, ಸ್ವಭಾವದ ಮಾತನ್ನು ಕಾಯಿಲೆ ಎಂದು ಸಹಿಸುವುದು, ಎರಡೂ ನಿಮ್ಮಿಬ್ಬರನ್ನೂ ಸವೆಸುತ್ತವೆ.

ಈಗ ಪ್ರೀತಿಯ ಮಾತು.

ತಾಯಿಯನ್ನು ಪ್ರೀತಿಸಲು ಆಗುತ್ತಿಲ್ಲ ಎಂದು ಬರೆದಿದ್ದೀರಿ. ಅದೇ ಪತ್ರದಲ್ಲಿ ಬೆಳಿಗ್ಗೆ ಗಂಜಿ ಕೊಟ್ಟು, ಮಾತ್ರೆ ನುಂಗಿಸಿ, ಶಾಲೆಗೆ ಹೋಗಿ, ಸಂಜೆ ಬಂದು ಅವರ ಬಟ್ಟೆ ಒಗೆಯುವ ನೀವು ಸಾಲುಗಳ ನಡುವೆ ನನಗೆ ಕಾಣುತ್ತಿದ್ದೀರಿ. ಆರು ವರ್ಷ. ಇದಕ್ಕೆ ಯಾವ ಹೆಸರು ಕೊಡೋಣ? ನಿಮಗೆ ಅಮ್ಮ ಇಷ್ಟವಾಗುವುದಿಲ್ಲ, ಅಷ್ಟೇ. ಇಷ್ಟ ಬೇರೆ, ಪ್ರೀತಿ ಬೇರೆ. ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಅರಿಸ್ಟಾಟಲನ ಮಾತನ್ನು ಎತ್ತಿಕೊಂಡು, ಪ್ರೀತಿಸುವುದೆಂದರೆ ಒಬ್ಬರಿಗೆ ಒಳಿತನ್ನು ಬಯಸುವುದು ಎಂದರು. ಲೂಕನ ಆರನೆಯ ಅಧ್ಯಾಯದಲ್ಲಿ ಶತ್ರುಗಳನ್ನು ಪ್ರೀತಿಸಿರಿ ಎಂದ ಕೂಡಲೇ ಯೇಸು ಅದರ ಅರ್ಥವನ್ನೂ ಬಿಡಿಸಿ ಹೇಳುತ್ತಾರೆ: ಒಳ್ಳೆಯದನ್ನು ಮಾಡಿ, ಆಶೀರ್ವದಿಸಿ, ಅವರಿಗಾಗಿ ಪ್ರಾರ್ಥಿಸಿ. ಮೂರೂ ಕೈಯಿಂದ, ಬಾಯಿಂದ ಆಗುವ ಕೆಲಸಗಳು. ಅವರನ್ನು ಕಂಡರೆ ಮನಸ್ಸು ತಣ್ಣಗಾಗಬೇಕು ಎಂಬ ಮಾತು ಅಲ್ಲಿಲ್ಲ. ಹತ್ತು ಆಜ್ಞೆಗಳಲ್ಲಿ ಕೂಡ ತಂದೆತಾಯಿಯರ ಬಗ್ಗೆ ಬಂದಿರುವ ಪದ ‘ಗೌರವಿಸು’. ಹೀಬ್ರೂ ಭಾಷೆಯಲ್ಲಿ ಆ ಪದದ ಬೇರು ‘ಭಾರ’ ಎಂಬ ಅರ್ಥದ್ದು. ಅವರಿಗೆ ಸಲ್ಲಬೇಕಾದ ತೂಕ ಕೊಡು ಎಂದು ನಾನು ಅದನ್ನು ಓದುತ್ತೇನೆ. ಮುದಿ ತಾಯಿಯನ್ನು ಉಣಿಸಿ ಉಡಿಸುವುದು ಆ ತೂಕ. ಅವರು ಹೇಳಿದ್ದಕ್ಕೆಲ್ಲ ಹೌದೆನ್ನುವುದು ಅದರೊಳಗೆ ಸೇರಿಲ್ಲ.

ನಿಮ್ಮನ್ನು ಕಾಡುವ ಆ ವಾಕ್ಯವನ್ನು ಯೇಸು ತೆಗೆದುಕೊಂಡದ್ದು ಯಾಜಕಕಾಂಡದ 19ನೆಯ ಅಧ್ಯಾಯದ 18ನೆಯ ವಚನದಿಂದ. ಒಮ್ಮೆ ಬೈಬಲ್ ತೆರೆದು ಅದರ ಹಿಂದಿನ ವಚನವನ್ನೂ ಓದಿ. ಸಹೋದರನ ಮೇಲೆ ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳಬೇಡ, ನೆರೆಯವನ ತಪ್ಪನ್ನು ಅವನಿಗೆ ಎತ್ತಿ ಹೇಳು, ಇಲ್ಲವಾದರೆ ಅವನ ದೆಸೆಯಿಂದ ನಿನಗೆ ಪಾಪ ತಗಲುತ್ತದೆ ಎಂದಿದೆ ಅಲ್ಲಿ. ನನ್ನ ಎಷ್ಟೋ ವರ್ಷಗಳ ಕೆಲಸದಲ್ಲಿ ಈ ವಚನದಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ತಪ್ಪನ್ನು ಎದುರಿಗೆ ಹೇಳದೆ ನುಂಗಿದರೆ ಅದು ಒಳಗೆ ದ್ವೇಷವಾಗುತ್ತದೆ ಎಂದು ಆ ಕಾಲದಲ್ಲೇ ಅವರಿಗೆ ಗೊತ್ತಿತ್ತು. ಪ್ರೀತಿಸು ಎಂಬ ಆಜ್ಞೆ ಬರುವುದು ಎತ್ತಿ ಹೇಳು ಎಂಬ ಆಜ್ಞೆಯ ನಂತರ. ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೊದಲನೆಯದನ್ನು ಮರೆಮಾಡಿ ಎರಡನೆಯದನ್ನು ಮಾತ್ರ ಕಲಿಸಿದ್ದೇವೆ. ಇದು ನನಗೆ ಸಂಕಟ ತರುವ ಸಂಗತಿ.

ನಾನೂ ಹಾಗೆಯೇ ಕಲಿತವಳು. ಮದುವೆಯಾಗಿ ಹೋದದ್ದು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಹಿನ್ನೀರಿನ ಊರಿಗೆ. ಮಾವನವರ ನಾಲಿಗೆ ನಿಮ್ಮ ಅಮ್ಮನದಕ್ಕಿಂತ ಕಡಿಮೆಯದಲ್ಲ. ಒಂಬತ್ತು ವರ್ಷ ನಾನು ತಿರುಗಿ ಮಾತನಾಡಲಿಲ್ಲ. ಎಷ್ಟು ಒಳ್ಳೆಯ ಸೊಸೆ ಎಂದರು ಎಲ್ಲರೂ. ಒಳಗೆ ನಾನು ಅವರ ಸಾವನ್ನು ಕಾಯುತ್ತಿದ್ದೆ. ಇದನ್ನು ಬರೆಯುವಾಗ ಇಂದಿಗೂ ಕೈ ನಡುಗುತ್ತದೆ. ನನ್ನ ಮೌನವನ್ನು ಪ್ರೀತಿ ಎಂದು ನಾನೂ ನಂಬಿದ್ದೆ, ಊರೂ ನಂಬಿತ್ತು.

ಮಾವನವರೇ ಒಮ್ಮೆ ನನ್ನನ್ನು ಗಜನಿಯ, ಅಂದರೆ ಹಿನ್ನೀರಿನಂಚಿನ ಉಪ್ಪುನೆಲದ ಗದ್ದೆಯ, ಒಡ್ಡಿನ ಮೇಲೆ ನಡೆಸಿಕೊಂಡು ಹೋಗಿದ್ದರು. ಒಂದು ಬದಿ ಉಪ್ಪುನೀರು, ಇನ್ನೊಂದು ಬದಿ ಕಗ್ಗ ಭತ್ತ. ಕಗ್ಗ ಉಪ್ಪನ್ನು ತಾಳುವ ಬೆಳೆ, ಬೇರೆ ಭತ್ತ ಸುಟ್ಟುಹೋಗುವ ಕಡೆ ಅದು ನಿಲ್ಲುತ್ತದೆ. ಹಾಗೆಂದು ಕಗ್ಗದ ಗದ್ದೆಗೆ ಒಡ್ಡು ಬೇಡವೆಂದು ಯಾವ ರೈತನೂ ಹೇಳುವುದಿಲ್ಲ. ಒಡ್ಡಿಗೆ ಬಾಗಿಲಿದೆ. ಉಬ್ಬರದಲ್ಲಿ ಮುಚ್ಚುತ್ತಾರೆ, ಇಳಿತದಲ್ಲಿ ತೆರೆದು ಮಳೆಯ ನೀರನ್ನು ಹೊರಗೆ ಬಿಡುತ್ತಾರೆ. ಸಮುದ್ರದ ಮೇಲಿನ ಸಿಟ್ಟಿನಿಂದ ಯಾರೂ ಒಡ್ಡು ಕಟ್ಟಿದ್ದಲ್ಲ, ಭತ್ತ ಉಳಿಯಲೆಂದು ಕಟ್ಟಿದ್ದು. ಬೇಸಾಯ ಮುಗಿದ ಮೇಲೆ ಅದೇ ನೀರನ್ನು ಒಳಗೆ ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಕಠಿಣ ವ್ಯಕ್ತಿಯೊಂದಿಗೆ ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದಾಗ ನನಗೆ ಆ ಬಾಗಿಲೇ ನೆನಪಾಗುತ್ತದೆ.

ನಿಮ್ಮ ಮನೆಯಲ್ಲಿ ಆ ಬಾಗಿಲು ಹೀಗಿರಬಹುದು. ವೈದ್ಯರು ಮರೆವಿನ ಕಾಯಿಲೆ ಇಲ್ಲ ಎಂದರೆ, ಶಾಂತವಾದ ಒಂದು ಬೆಳಿಗ್ಗೆ, ಯಾರೂ ಇಲ್ಲದಾಗ, ಎದುರಿಗೆ ಕುಳಿತು ಹೇಳಿ: ‘ಅಮ್ಮಾ, ನಾನು ಊಟ ಕೊಡುವುದಿಲ್ಲ ಎಂದು ನೀವು ಪಕ್ಕದ ಮನೆಯಲ್ಲಿ ಹೇಳಿದಿರಿ. ಅದು ನಿಜವಲ್ಲ. ನನಗೆ ನೋವಾಗಿದೆ. ಇನ್ನು ಮುಂದೆ ಹಾಗೆ ಮಾತು ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ, ಅರ್ಧ ಗಂಟೆ ಬಿಟ್ಟು ಬರುತ್ತೇನೆ.’ ಅಷ್ಟೇ ಸಾಕು, ಹಳೆಯ ಕಥೆ ಎತ್ತಬೇಡಿ. ಅವರು ಒಪ್ಪದಿರಬಹುದು, ಅಳಬಹುದು, ಅಣ್ಣನಿಗೆ ಫೋನ್ ಮಾಡಬಹುದು. ಹೇಳಿದಂತೆ ನಡೆಯುವುದಷ್ಟೇ ನಿಮ್ಮ ಪಾಲಿನ ಕೆಲಸ. ಹೊರಗೆ ಹೋಗಿ, ಮತ್ತೆ ಖಂಡಿತ ಬನ್ನಿ. ಮಹಾಯಾಜಕನ ಮುಂದೆ ಕೆನ್ನೆಗೆ ಹೊಡೆದ ಕಾವಲುಗಾರನನ್ನು ಯೇಸು ಕೇಳಿದ ಪ್ರಶ್ನೆ ಯೋಹಾನನ 18ನೆಯ ಅಧ್ಯಾಯದಲ್ಲಿದೆ: ನಾನು ಸರಿಯಾಗಿ ಮಾತನಾಡಿದ್ದರೆ ನನ್ನನ್ನು ಏಕೆ ಹೊಡೆಯುತ್ತೀ? ಇನ್ನೊಂದು ಕೆನ್ನೆ ತೋರಿಸು ಎಂದವರೇ ಹೀಗೆ ಕೇಳಿದರು. ಆ ಪ್ರಶ್ನೆಯಲ್ಲಿ ದ್ವೇಷವೂ ಇಲ್ಲ, ಹೆದರಿಕೆಯೂ ಇಲ್ಲ.

ಕಾಯಿಲೆ ಇದೆ ಎಂದು ತಿಳಿದರೆ ಈ ಎದುರಿಗಿನ ಮಾತು ಬೇಡ. ಆಗ ವಾದಕ್ಕೆ ಇಳಿಯದೆ ‘ಹಣ ಹುಡುಕೋಣ ಬನ್ನಿ’ ಎಂದು ಜೊತೆಗೆ ಹುಡುಕುವುದೇ ಸರಿ. ನೆರೆಮನೆಯವರಿಗೆ ಮಾತ್ರ ನೀವೇ ಹೋಗಿ ವಿಷಯ ತಿಳಿಸಿ.

ಪ್ರಾರ್ಥನಾ ಕೂಟದವರ ಮಾತಿಗೆ ಬರುತ್ತೇನೆ. ಶಿಲುಬೆ ಎಂಬ ಪದವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸುವಾಗ ಬಹಳ ಎಚ್ಚರವಿರಬೇಕು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವೆಲ್ಲ ಶಿಲುಬೆಯ ಹಾದಿ ನಡೆಯುತ್ತೇವೆ. ಅದರ ಐದನೆಯ ಸ್ಥಳ ಯಾವುದು? ಸಿರೇನ್ಯದ ಸಿಮೋನ ಯೇಸುವಿಗೆ ಶಿಲುಬೆ ಹೊರಲು ನೆರವಾದದ್ದು. ದೇವಕುಮಾರನಿಗೇ ಒಬ್ಬ ಜೊತೆಗಾರ ಬೇಕಾಯಿತು. ಮುಂದಿನ ಸಲ ಯಾರಾದರೂ ‘ಹೊತ್ತುಕೋ’ ಎಂದರೆ ಮೆಲ್ಲಗೆ, ನಿಜವಾಗಿಯೂ ಕೇಳಿ: ಬುಧವಾರ ಸಂಜೆ ನಾಲ್ಕರಿಂದ ಆರರವರೆಗೆ ಬಂದು ಅಮ್ಮನ ಜೊತೆ ಕುಳಿತು ಜಪಸರ ಹೇಳುತ್ತೀರಾ? ಒಬ್ಬರಾದರೂ ಹೌದೆನ್ನುತ್ತಾರೆ. ಹೊರಗಿನವರ ಜೊತೆ ಅಮ್ಮ ಚೆನ್ನಾಗಿಯೇ ಇರುತ್ತಾರೆ ಎಂದು ನೀವೇ ಬರೆದಿದ್ದೀರಲ್ಲ.

ಅಣ್ಣನ ಪಾಲೂ ಇದೆ. 2007ರ ಹಿರಿಯ ನಾಗರಿಕರ ಪಾಲನೆಯ ಕಾನೂನು ಮಗ, ಮಗಳು ಎಂದು ಭೇದ ಮಾಡುವುದಿಲ್ಲ. ಕಾನೂನು ಎತ್ತಿಕೊಂಡು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ನೀವು ನ್ಯಾಯ ಮೀರಿದ್ದೇನನ್ನೂ ಕೇಳುತ್ತಿಲ್ಲ ಎಂಬ ಧೈರ್ಯ ನಿಮಗಿರಲಿ ಎಂದು ಹೇಳಿದೆ. ವಾರಕ್ಕೆ ಕೆಲವು ದಿನ ಬಂದು ಹೋಗುವ ಸಹಾಯಕಿಯ ಸಂಬಳ ಅವನು ಕೊಡಲಿ, ವರ್ಷಕ್ಕೊಮ್ಮೆ ರಜೆಗೆ ಬಂದಾಗ ಅಮ್ಮನನ್ನು ಪೂರ್ತಿ ಅವನೇ ನೋಡಿಕೊಳ್ಳಲಿ. ಶಿಲುಬೆಯ ಮೇಲಿಂದ ಯೇಸು ತನ್ನ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು, ಆ ಗಳಿಗೆಯಿಂದ ಅವನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ತಾಯಿಯ ಪಾಲನೆಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಪ್ರೀತಿಯ ಕೊರತೆ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನನ್ನ ಮಟ್ಟಿಗೆ ನಿಮ್ಮ ಪತ್ರದ ತಿರುಳು ಅದೇ. ಕನ್ನಡಿಯ ಎದುರು ಎರಡು ದಿನ ಅಸಹ್ಯವಾಯಿತು ಎಂದಿರಿ. ಆ ಅಸಹ್ಯ ಯಾವ ಮಾತುಗಳಲ್ಲಿ ನಿಮ್ಮನ್ನು ಬೈಯಿತು ಎಂದು ನೆನಪಿಸಿಕೊಳ್ಳಿ. ಕೆಟ್ಟವಳು, ಯಾವುದಕ್ಕೂ ಬಾರದವಳು, ಎಷ್ಟು ಮಾಡಿದರೂ ಸಾಲದವಳು. ಇವು ಯಾರ ಮಾತುಗಳು? ಸಾರಿಗೆ ಉಪ್ಪಿಲ್ಲ ಎಂದ ಧ್ವನಿಯೇ ಅದು. ನಲವತ್ತು ವರ್ಷ ಆ ಧ್ವನಿಯನ್ನು ಕೇಳಿದ ಮನಸ್ಸು ಈಗ ಅಮ್ಮ ಮಲಗಿದ ಮೇಲೂ ಅದೇ ಧ್ವನಿಯಲ್ಲಿ ಮಾತನಾಡುತ್ತದೆ, ನೀವು ಅದನ್ನು ದೇವರ ಧ್ವನಿ ಎಂದು ತಿಳಿದಿದ್ದೀರಿ. ದಯವಿಟ್ಟು ಇವೆರಡನ್ನೂ ಬೇರೆ ಮಾಡಿ. ದೇವರು ತಪ್ಪನ್ನು ತಪ್ಪೆನ್ನುವಾಗ ಯಾವುದು ತಪ್ಪು ಎಂದು ಹೆಸರಿಸುತ್ತಾರೆ: ನೆಂಟರ ಎದುರು ಕಿರುಚಿದೆ, ಬಾಗಿಲು ಬಡಿದೆ. ಅದಕ್ಕೆ ಕ್ಷಮೆ ಇದೆ, ಅದು ಅಲ್ಲಿಗೆ ಮುಗಿಯುತ್ತದೆ. ‘ನೀನೇ ಅಸಹ್ಯ’ ಎಂಬ ಮಾತಿಗೆ ಎಲ್ಲಿಯೂ ಮುಕ್ತಾಯವಿಲ್ಲ. ಆ ಮಾತು ನನ್ನ ಅರಿವಿನ ದೇವರದಲ್ಲ.

ಪಾಪನಿವೇದನೆಯಲ್ಲೂ ಇದೇ ಬದಲಾವಣೆ ಬರಲಿ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ, ಭಾವನೆಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ ಎಂದು ಸ್ಪಷ್ಟವಾಗಿದೆ. ಸಿಟ್ಟು ಬಂದದ್ದು ಪಾಪವಲ್ಲ, ಸಿಟ್ಟಿನಲ್ಲಿ ಮಾಡಿದ್ದರಲ್ಲಿ ಪಾಪವಿರಬಹುದು. ‘ತಾಯಿಯನ್ನು ಪ್ರೀತಿಸಲಾಗುತ್ತಿಲ್ಲ’ ಎಂಬುದರ ಬದಲು ‘ಇಂಥ ದಿನ ಇಂಥ ಮಾತು ಆಡಿದೆ’ ಎಂದು ಹೇಳಿ. ಮತ್ತು ಗುರುಗಳಿಗೆ ಪೂರ್ತಿ ಪರಿಸ್ಥಿತಿ ತಿಳಿಸಿ, ಪಾಪನಿವೇದನೆಯ ಹೊರಗೆ, ಬೇರೆ ಹೊತ್ತಿನಲ್ಲಿ, ಕುರ್ಚಿಯಲ್ಲಿ ಕುಳಿತು.

ತನ್ನನ್ನು ಪ್ರೀತಿಸಿಕೊಳ್ಳುವುದು ಸ್ವಾರ್ಥವಲ್ಲವೇ ಎಂಬ ಅಳುಕು ನಿಮ್ಮ ಪತ್ರದಲ್ಲಿ ಅಲ್ಲಲ್ಲಿ ಕಾಣುತ್ತದೆ. ಫ್ರಾನ್ಸಿನ ಕ್ಲೇರ್ವೋ ಮಠದ ಸಂತ ಬರ್ನಾರ್ದರು 12ನೆಯ ಶತಮಾನದಲ್ಲಿ ಪ್ರೀತಿಯ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದರು. ಕೆಳಗಿನದು, ನನಗಾಗಿ ನನ್ನನ್ನು ಪ್ರೀತಿಸುವುದು. ಮೂರನೆಯದು, ದೇವರಿಗಾಗಿಯೇ ದೇವರನ್ನು ಪ್ರೀತಿಸುವುದು. ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಅದರ ಮೇಲೆ ಇನ್ನೊಂದನ್ನು ಇಟ್ಟರು ಅವರು: ದೇವರಿಗಾಗಿ ನನ್ನನ್ನು ನಾನು ಪ್ರೀತಿಸುವುದು. ಅದನ್ನೇ ಅತಿ ಎತ್ತರದ, ಈ ಬದುಕಿನಲ್ಲಿ ದೊರಕುವುದೇ ಕಷ್ಟವಾದ ಮೆಟ್ಟಿಲೆಂದರು. ದೇವರು ಪ್ರೀತಿಸುವವಳನ್ನು ದ್ವೇಷಿಸುವ ಹಕ್ಕು ನಿಮಗಿಲ್ಲ, ಆ ‘ಅವಳು’ ನೀವೇ ಆಗಿದ್ದರೂ ಕೂಡ.

ಇದು ಮೇಲುಮಾತಾಗಿ ಕೇಳಿಸಿದರೆ ಎಲೀಯನ ಕಥೆ ಓದಿ, ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ. ದಣಿದು, ಸೋತು, ಮರುಭೂಮಿಯ ಒಂದು ಗಿಡದ ಕೆಳಗೆ ಮಲಗಿ ‘ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ’ ಎನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು ಮತ್ತೆ ಉಣಿಸಿದ. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ. ನೀವು ಕೊನೆಯ ಸಲ ಬಿಸಿ ಊಟವನ್ನು ಕುಳಿತು ಉಂಡದ್ದು ಯಾವಾಗ? ಆರು ಗಂಟೆ ಒಂದೇ ಸಮನೆ ನಿದ್ದೆ ಮಾಡಿದ್ದು? ಇವು ಆಧ್ಯಾತ್ಮಿಕ ಪ್ರಶ್ನೆಗಳೇ. ರಾತ್ರಿಗಳು ತೀರಾ ಭಾರವಾದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಒಬ್ಬ ಹುಡುಗಿಯ ವಿಷಯ ಹೇಳಲೇಬೇಕು. ಬಾಲಯೇಸುವಿನ ಸಂತ ತೆರೇಸಾ, ಫ್ರಾನ್ಸಿನ ಲಿಸಿಯೋ ಎಂಬ ಊರಿನಲ್ಲಿ 15ನೆಯ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, 24ಕ್ಕೆ, 1897ರಲ್ಲಿ, ಕ್ಷಯದಿಂದ ತೀರಿಕೊಂಡವರು. ಮಠದಲ್ಲಿ ಒಬ್ಬ ಸಹೋದರಿ ಎಲ್ಲದರಲ್ಲೂ ತೆರೇಸಾಗೆ ಹಿಡಿಸುತ್ತಿರಲಿಲ್ಲ. ತೆರೇಸಾ ಆಕೆಗಾಗಿ ಪ್ರಾರ್ಥಿಸಿದರು, ಕೈಲಾದ ಸೇವೆ ಮಾಡಿದರು, ಮುಗುಳ್ನಕ್ಕರು. ‘ನನ್ನಲ್ಲಿ ಅಂಥದ್ದೇನು ನಿನ್ನನ್ನು ಸೆಳೆಯುತ್ತದೆ’ ಎಂದು ಆ ಸಹೋದರಿಯೇ ಕೇಳುವಷ್ಟು. ಪ್ರವಚನಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ನಿಮ್ಮಂಥವರಿಗೆ ಅಪರಾಧಭಾವ ಇನ್ನಷ್ಟು ಹೆಚ್ಚುತ್ತದೆ. ತೆರೇಸಾ ಅಷ್ಟಕ್ಕೇ ಬಿಡಲಿಲ್ಲ. ಒಳಗಿನ ಹೋರಾಟ ಮಿತಿಮೀರಿದಾಗ ತಾನು ರಣರಂಗ ಬಿಟ್ಟ ಸೈನಿಕನಂತೆ ಓಡಿಹೋಗುತ್ತಿದ್ದೆ ಎಂದು ಅವರೇ ಬರೆದಿಟ್ಟಿದ್ದಾರೆ. ಓಡಿಹೋದರು! 1925ರಲ್ಲಿ ಸಂತಪದವಿ ಪಡೆದವರು, 1997ರಲ್ಲಿ ಧರ್ಮಸಭೆಯ ಆಚಾರ್ಯೆ ಎನಿಸಿಕೊಂಡವರು. ಮಠದಲ್ಲಿ ಅವರಿಗೆ ತಮ್ಮದೇ ಕೋಣೆಯಿತ್ತು, ಮೌನದ ಗಂಟೆಗಳಿದ್ದವು. ಹಗಲೂ ರಾತ್ರಿ ಒಂದೇ ಗೋಡೆಯೊಳಗೆ ಆ ಸಹೋದರಿಯ ಮಾತು ಕೇಳುತ್ತಿರಬೇಕಾಗಿರಲಿಲ್ಲ. ನಿಮಗೂ ಅಂಥ ಒಂದು ಮೂಲೆ ಬೇಕು. ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿ, ದಿನಕ್ಕೆ ಅರ್ಧ ಗಂಟೆ ಅದನ್ನು ಹಾಕಿಕೊಳ್ಳಿ. ಆ ಹೊತ್ತಿನಲ್ಲಿ ಅಮ್ಮನ ಮೇಲೆ ಗಂಡನ ಕಣ್ಣಿರಲಿ.

ಅಮ್ಮ ಬದಲಾಗುತ್ತಾರೆಯೇ ಎಂದು ನೀವು ಕೇಳಿಲ್ಲ, ಕೇಳಬೇಕೆಂದಿದ್ದಿರಿ ಅನ್ನಿಸುತ್ತದೆ. ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನದಿಂದಿರಿ’ ಎಂದು ಪೌಲ ರೋಮಾಪುರದವರಿಗೆ ಬರೆದ. ಆ ‘ಸಾಧ್ಯವಾದರೆ’ ಅವನು ಸುಮ್ಮನೆ ಸೇರಿಸಿದ್ದಲ್ಲ. 77ರಲ್ಲಿ ಅವರು ಮಗಳನ್ನು ಹೊಗಳುವುದನ್ನು ಕಲಿಯದೆ ಹೋಗಬಹುದು. ನೀವು ಕೇಳಬಯಸಿದ ಆ ಒಂದು ಮಾತನ್ನು ಆಡದೆಯೇ ತೀರಿಕೊಳ್ಳಬಹುದು. ಅದಕ್ಕಾಗಿ ಈಗಲೇ ಅಳಬೇಕೆನಿಸಿದರೆ ಅತ್ತುಬಿಡಿ, ಅದು ನಿಜವಾದ ನಷ್ಟ. ನನ್ನ ಮಾವನವರ ಕೊನೆಯ ಎರಡು ವರ್ಷ ನಾನು ತಿರುಗಿ ಮಾತನಾಡಲು ಕಲಿತಿದ್ದೆ. ಅವರು ಮೆತ್ತಗಾಗಲಿಲ್ಲ. ಅವರ ಸಾವನ್ನು ಕಾಯುವುದನ್ನು ಮಾತ್ರ ನಾನು ಬಿಟ್ಟಿದ್ದೆ. ಅವರು ಹೋದ ದಿನ ನಾನು ಅತ್ತುಬಿಟ್ಟೆ.

ಆಸ್ಪತ್ರೆಗೆ ಹೋಗುವ ದಿನ ಶಾಲೆಗೆ ಪೂರ್ತಿ ರಜೆ ಹಾಕಿ. ಅಮ್ಮನನ್ನು ಮನೆಗೆ ಬಿಟ್ಟ ಮೇಲೆ ಗಂಡನಿಗೆ ಹೇಳಿ, ಒಬ್ಬರೇ ಕಡಲ ಬದಿಗೆ ಹೋಗಿ ಒಂದು ಗಂಟೆ ಕುಳಿತು ಬನ್ನಿ. ಅವತ್ತಿನ ಸಾರನ್ನು ಬೇರೆ ಯಾರಾದರೂ ಮಾಡಲಿ. ಕಿವಿಯ ಬಗ್ಗೆ, ನೆನಪಿನ ಬಗ್ಗೆ ವೈದ್ಯರು ಏನೆಂದರು ಎಂದು ನನಗೆ ಬರೆಯಿರಿ, ಅಣ್ಣನೊಂದಿಗೆ ಮಾತು ಹೇಗೆ ತೆಗೆಯಬೇಕು ಎಂಬುದನ್ನು ಆಗ ನೋಡೋಣ.